ನೆಗ್ಗಿಲುಮುಳ್ಳಿನ ಮೇಡಮ್ಮು

ನನ್ನ ನಾದಿನಿಗೆ ಹುಚ್ಚು ಎಂದು ತ್ಯಾವಣಿಗೆಯ ಅರ್ಧ ಊರು ಹೇಳುತ್ತದೆ. ನಾನು ಒಪ್ಪುವುದಿಲ್ಲ. ಹುಚ್ಚಿಗಾದರೆ ಎಲ್ಲಾದರೂ ಮದ್ದು ಸಿಗುತ್ತದೆ!

ಅರವತ್ತು ದಾಟಿದವರು ಯಾತ್ರೆಗೆ ಹೋಗುತ್ತಾರೆ, ಇಲ್ಲವೇ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂರುತ್ತಾರೆ. ಈಕೆ ಅಂಗನವಾಡಿಗೂ ಸೇರದ, ನರ್ಸರಿಗೂ ಸೇರದ ಒಂದು ಶಾಲೆ ತೆರೆದಳು. ಗೋಡೆಯಿಲ್ಲ, ಸೂರಿಲ್ಲ, ಎ ಫಾರ್ ಆಪಲ್ ಇಲ್ಲ. ಇರುವುದು ಅವಳ ಮನೆಯ ಹಿಂದಿನ ಬಯಲು, ಒಂದು ಹುಣಸೆಮರ, ಒಂದು ಕೆಸರಿನ ಗುಂಡಿ, ಸೋರುವ ಎರಡು ಕೊಡ. ಯೂನಿಫಾರಂ? ಬರಿಗಾಲು!

ನಾನು ಕಾನ್ವೆಂಟಿನಲ್ಲಿ ಓದಿದವಳು. ಬಿಳಿ ಸಾಕ್ಸಿಗೆ ಮಣ್ಣು ತಾಗಿದರೆ ಸಿಸ್ಟರ್ ಬರೀ ಹುಬ್ಬೇರಿಸಿದರೆ ಸಾಕಿತ್ತು, ಮೂರು ದಿನ ಊಟ ಸೇರುತ್ತಿರಲಿಲ್ಲ. ಪ್ಲೇಗ್ರೌಂಡಿನಲ್ಲಿ ಒಂದು ನೆಲ್ಲಿಮರವಿತ್ತು. ಅದರ ನೆರಳಲ್ಲಿ ಸಾಲಾಗಿ ನಿಂತಿದ್ದೇವೆಯೇ ಹೊರತು ಹತ್ತಿದ್ದಿಲ್ಲ. ಆ ನೆಲ್ಲಿಕಾಯಿ ಹುಳಿಯೋ ಒಗರೋ ಇವತ್ತಿಗೂ ನನಗೆ ಗೊತ್ತಿಲ್ಲ. ಇರಲಿ ಬಿಡಿ.

ಮೊಮ್ಮಗಳು ಸಿರಿ ಏಳು ತಿಂಗಳಿಗೇ ಹುಟ್ಟಿದ ಕೂಸು. ನಾಲ್ಕು ತುಂಬಿದರೂ ನನ್ನ ಕಣ್ಣಿಗೆ ಇನ್ನೂ ಹತ್ತಿಯಲ್ಲಿ ಸುತ್ತಿಟ್ಟಂತೆಯೇ ಕಾಣುತ್ತಾಳೆ. ಸೊಸೆ ಬೆಳಿಗ್ಗೆ ಕೆಲಸಕ್ಕೆಂದು ಚನ್ನಗಿರಿ ಬಸ್ಸು ಹತ್ತುವ ಮುಂಚೆ ಅವಳನ್ನು ಈ ಬಯಲಿಗೆ ಬಿಟ್ಟು ಹೋಗುತ್ತಾಳೆ. ಮಧ್ಯಾಹ್ನ ಮಗು ಮನೆಗೆ ಬರುವ ತನಕ ನನ್ನ ಎದೆ ಡವಡವ. ಚೇಳು, ಜರಿ, ಒಣಗಿದ ಕೊಂಬೆ, ಬೇಲಿಯಾಚೆ ತುಂಬಿ ಹರಿಯುವ ನಾಲೆ! ಒಂದೊಂದನ್ನೂ ನೆನೆಸಿಕೊಂಡು ಹೆದರುವುದಕ್ಕೆ ಇಡೀ ಬೆಳಗು ಬೇಕಲ್ಲ?

"ಹಾವು ಬಂದ್ರೆ ಏನೇ ಮಾಡ್ತೀಯ?" ಎಂದು ನಾದಿನಿಯನ್ನು ಕೇಳಿದೆ.

"ಬಂದ್ರೆ ಅದಕ್ಕೂ ಅಡ್ಮಿಷನ್ ಕೊಡಾಣ ಬಿಡ್ರಿ ಅತ್ಗೆ. ಪಾಪ, ಅದಕ್ಕೂ ಚಪ್ಪಲಿ ಹಾಕಾಕೆ ಆಗಲ್ಲ!"

ಇಂಥವಳ ಹತ್ತಿರ ಸೀರಿಯಸ್ಸಾಗಿ ಮಾತಾಡುವುದು ಹೇಗೆ?

ಶಾಲೆಗೆ ಇರುವುದು ಒಂದೇ ರೂಲು, ಅದೂ ದೊಡ್ಡವರಿಗೆ. "ಬಿದ್ದೀಯ ಜೋಕೆ" ಎನ್ನಬಾರದು. ಅಂದವರು ಕೆಸರುಗುಂಡಿಯಲ್ಲಿ ಕೂತು ಮಣ್ಣಿನ ಒಲೆ ಮಾಡಿಕೊಡಬೇಕು! ಒಮ್ಮೆ ಅಡಿಕೆ ವ್ಯಾಪಾರದ ಸಾಹುಕಾರರೊಬ್ಬರು ಇಸ್ತ್ರಿ ಪಂಚೆಯಲ್ಲಿ ಬಂದು, ಮೊಮ್ಮಗನನ್ನು ನೋಡಿ "ಏ, ಬೀಳ್ತೀಯೋ!" ಎಂದುಬಿಟ್ಟರು.

"ಕೂರ್ರಿ ಯಜಮಾನ್ರೆ," ಎಂದಳು ಈಕೆ.

"ಏನವ್ವ, ನಮ್ ವಯಸ್ಸಿಗಾದ್ರೂ ಮರ್ಯಾದಿ ಬ್ಯಾಡ್ವಾ?"

"ವಯಸ್ಸಾಗೈತೆ ಅಂತಾನೇ ಬರೀ ಒಲೆ. ಇಲ್ದಿದ್ರೆ ಮನೆನೇ ಕಟ್ಟಿಸ್ತಿದ್ದೆ."

ಮರುದಿನ ಸಾಹುಕಾರರು ಹಳೇ ಲುಂಗಿ ಉಟ್ಟುಕೊಂಡು ಕರೆಯದೆಯೇ ಬಂದರು! ಒಲೆಗೆ ಹೊಗೆಗಂಡಿ ಬಿಡುವುದು ಮರೆತಿದ್ದರಂತೆ.

ಮೊನ್ನೆ ಸಿರಿ ಹುಣಸೆಯ ಕೆಳಗಿನ ಕೊಂಬೆ ಹತ್ತಿದಾಗ ನಾನು ಅಲ್ಲಿಯೇ ಇದ್ದೆ. ಕೂಗಿದರೆ ಒಲೆ, ಸುಮ್ಮನಿದ್ದರೆ ಹಾರ್ಟ್ ಅಟ್ಯಾಕ್. ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ಮಗು ಇಳಿದು ಬಂದು, "ಅಜ್ಜಿ, ಸೆರಗು ಯಾಕೆ ತಿಂತಿದೀಯ? ಹಸಿವಾ?" ಎಂದಿತು.

ಆದರೆ ನನ್ನನ್ನು ನಿಜವಾಗಿ ಕಂಗೆಡಿಸಿದ್ದು ಮರವಲ್ಲ, ನಾದಿನಿಯ ಕಾಲು. ದಿನಾ ಸಂಜೆ ಸೇಫ್ಟಿ ಪಿನ್ ಹಿಡಿದು ನನ್ನ ಜಗುಲಿಗೆ ಬಂದು ಅಂಗಾಲು ಚಾಚುವಳು. ನಾನು ಕನ್ನಡಕ ಏರಿಸಿಕೊಂಡು ನೆಗ್ಗಿಲುಮುಳ್ಳು ಕೀಳಬೇಕು, ಬಿಸಿ ಎಣ್ಣೆ, ಅರಿಶಿನ ಒತ್ತಬೇಕು.

"ನೋಡ್ಕೊಂಡು ನಡೆಯೋಕಾಗಲ್ವೇನೇ ನಿಂಗೆ?"

"ಕಣ್ಣು ಮ್ಯಾಲಿರ್ತಾವೆ, ಕಾಲು ಕೆಳಗಿರ್ತಾವೆ. ಹೆಂಗೆ ಹೊಂದಾಣಿಕೆ ಆಗ್ತೈತೆ ಅತ್ಗೆ?"

ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಚರ್ಮ ದಪ್ಪವಾದ ಈ ಕಾಲಿಗೇ ಹೀಗಾದರೆ, ಸಿರಿಯ ಎಳೆ ಪಾದದ ಗತಿ? ಮುಳ್ಳು, ಕೀವು, ಜ್ವರ, ಆಸ್ಪತ್ರೆ... ಹುಟ್ಟಿದಾಗ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದ್ದ ಗಾಜಿನ ಪೆಟ್ಟಿಗೆ ಮತ್ತೆ ಕಣ್ಣೆದುರು ಬಂತು. ನನ್ನ ಧೈರ್ಯ ಅಲ್ಲಿಗೆ ಮುಗಿಯಿತು. ಚನ್ನಗಿರಿಯ ನರ್ಸರಿಗೆ ಶೂ, ಟೈ ಹಾಕಿಸಿ ಸೇರಿಸುವುದೆಂದು ಸೊಸೆಯನ್ನೂ ಒಪ್ಪಿಸಿದೆ. ಮಕ್ಕಳು ಬರುವ ಮುಂಚೆಯೇ ನಾದಿನಿಗೆ ಹೇಳಿಬಿಡೋಣವೆಂದು ಬೆಳಿಗ್ಗೆ ಬೇಗ ಹೊರಟೆ.

ಬಯಲಿನಲ್ಲಿ ಅವಳೊಬ್ಬಳೇ ಇದ್ದಳು. ಚಪ್ಪಲಿ ಬೇಲಿಯ ಮೇಲೆ. ಹೊಲ ಉಳುವವರಂತೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ, ಅಂಗಾಲು ನೆಲಕ್ಕೆ ಒತ್ತಿ ಒತ್ತಿ ನಡೆಯುತ್ತಿದ್ದಳು. ಒಂದು ಕಡೆ "ಹಾ" ಎಂದು ನಿಂತು, ಕಾಲೆತ್ತಿ ಮುಳ್ಳು ಕಿತ್ತು ಸೆರಗಿನ ತುದಿಗೆ ಹಾಕಿಕೊಂಡಳು. ಮತ್ತೆ ಅದೇ ಜಾಗವನ್ನು ತುಳಿದಳು.

"ಏನೇ ಇದು?"

ಬೆಚ್ಚಿದಳು. "ವಾಕಿಂಗು. ಡಾಕ್ಟ್ರು ಹೇಳ್ಯಾರೆ."

"ಮುಳ್ಳಿನ ಮೇಲೆ ನಡೆ ಅಂತಲೇ ಹೇಳಿದ್ರಾ?"

ಸೆರಗಿನ ತುದಿ ಬಿಚ್ಚಿ ಮುಳ್ಳು ತೋರಿಸಿದಳು. "ನೆಗ್ಗಿಲು ಸಣ್ಣದು ಅತ್ಗೆ, ಈಗ ಕಣ್ಣಿಗೆ ಕಾಣಾಕಿಲ್ಲ. ಕಸಬರಿಗೆಗೂ ಸಿಗಾಕಿಲ್ಲ. ಕಾಲಿಗೆ ಸಿಗ್ತೈತೆ." ಆಮೇಲೆ ನೆಲ ನೋಡುತ್ತಾ ಹೇಳಿದಳು: "ನಂಗೂ ನಿಮ್ಮಷ್ಟೇ ಹೆದ್ರಿಕೆ ಐತೆ. ಹುಡುಗರಿಗೆ ಗೊತ್ತಾಗಬಾರ್ದು, ಅಷ್ಟೇ."

ನರ್ಸರಿಯ ಮಾತು ನಾನು ಎತ್ತಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಸಿರಿ ಬರುತ್ತಾಳೆ, ಬಯಲು ಇನ್ನೂ ಅರ್ಧ ಉಳಿದಿದೆ. ನಾನು ಬಗ್ಗಿ ಚಪ್ಪಲಿ ಬಿಚ್ಚಿ ಅವಳ ಚಪ್ಪಲಿಯ ಪಕ್ಕ ಬೇಲಿಗೆ ಸಿಕ್ಕಿಸಿದೆ. ಮಣ್ಣು ತಣ್ಣಗಿತ್ತು.

"ಅತ್ಗೆ, ನಿಮಗೆ ರೂಢಿ ಇಲ್ಲ..."

"ಸುಮ್ನೆ ನಡಿಯೇ. ಮರದ ಕಡೆದು ನನಗಿರಲಿ."

ಆ ಸಂಜೆ ಜಗುಲಿಯಲ್ಲಿ ಮೊದಲು ಕಾಲು ಚಾಚಿದವಳು ನಾನು. ಅವಳು ನನ್ನ ಕನ್ನಡಕ ಏರಿಸಿಕೊಂಡು ಪಿನ್ ಹಿಡಿದಳು.