ಎಡಗಡೆಗೆ ಬಂದ ಹೊಸಬರಿಗೆ ಐವತ್ತು ದಾಟಿದ ಬಾಣಂತಿಯ ದೂರು

ನನ್ನ ಎದೆಯ ಎಡಭಾಗದಲ್ಲಿ ಇತ್ತೀಚೆಗಷ್ಟೇ ಅಧಿಕಾರ ವಹಿಸಿಕೊಂಡಿರುವ, ಸುತ್ತಲೂ ನುಣುಪಾದ, ಎಲ್ಲ ಕಡೆಯಿಂದಲೂ ಗೌರವಾನ್ವಿತರಾದ ಸಿಲಿಕಾನ್ ಇಂಪ್ಲಾಂಟ್ ಮಹಾಶಯರ ಸನ್ನಿಧಾನಕ್ಕೆ, ನಾಗಪುರದ ಪ್ರತಾಪ ನಗರದಿಂದ ದಮಯಂತಿಯ ನಮಸ್ಕಾರಗಳು. ಸಾಷ್ಟಾಂಗವೇ ಹಾಕುತ್ತಿದ್ದೆ, ಆದರೆ ಬೋರಲು ಮಲಗುವುದನ್ನು ಡಾಕ್ಟರಮ್ಮ ಸದ್ಯಕ್ಕೆ ಬಂದ್ ಮಾಡಿರುವುದರಿಂದ ನಿಂತಲ್ಲಿಂದಲೇ ಸ್ವೀಕರಿಸಬೇಕು. ಇದು ಬಹಿರಂಗ ಪತ್ರವೇ ಆದರೂ ತಾವು ಹೆದರಬೇಕಾಗಿಲ್ಲ. ನಮ್ಮ ಓಣಿಯಲ್ಲಿ ಕನ್ನಡ ಓದಬಲ್ಲವರು ನಾನು, ನನ್ನ ಯಜಮಾನರು, ಇಬ್ಬರೇ. ಯಜಮಾನರು 'ಎದೆ' ಎಂಬ ಶಬ್ದ ಕಂಡರೆ ಹಾಳೆ ಮಡಚಿ ಇಡುವ ಸ್ವಭಾವದವರು.

ಮಾನ್ಯರೇ, ತಮ್ಮ ಪೂರ್ವಾಧಿಕಾರಿಗಳ ವಿಷಯ ತಮಗೆ ತಿಳಿದೇ ಇರಬೇಕು. ಕ್ಯಾನ್ಸರ್ ಬಂದು ನನ್ನ ಎಡಗಡೆಯದು ಹೋದ ಮೇಲೆ ಆ ಜಾಗಕ್ಕೆ ಬಂದ ಅವರು ಬಹಳ ವರ್ಷ ಸಭ್ಯರಾಗಿಯೇ ಇದ್ದು, ಕೊನೆಗಾಲದಲ್ಲಿ ಮಾತ್ರ ಕಲ್ಲಿನಂತೆ ಬಿಗಿದುಕೊಂಡು, ಒಳಗೊಳಗೇ ಸೋರತೊಡಗಿದರು. ಅವರನ್ನು ಕಳಿಸಿಕೊಡಲು ಯಾರದೂ ತಕರಾರಿರಲಿಲ್ಲ. ತಮ್ಮನ್ನು ಬರಮಾಡಿಕೊಳ್ಳುವ ಮಾತು ಎತ್ತಿದ ಕೂಡಲೇ ನನ್ನ ಅಕ್ಕ ಶೈಲಜಾ ಫೋನಿನಲ್ಲಿ, "ಐವತ್ತು ದಾಟ್ಯಾವ ನಿನಗ, ಇನ್ನ ಯಾರಿಗೆ ತೋರಸೂದೈತಿ? ತೆಗಿಸಿ ಸುಮ್ಮನ ಕೂಡು" ಎಂದಳು. ಯಾರಿಗೂ ತೋರಿಸುವುದಕ್ಕಲ್ಲ, ಮಾನ್ಯರೇ. ನನಗೆ ಬೇಕಿತ್ತು, ಅಷ್ಟೇ. ಆದರೆ ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಅಥಣಿಯಲ್ಲಿರುವ ಅತ್ತೆ ಶರಣವ್ವನವರಿಗೆ 'ಭುಜದ ಆಪರೇಷನ್' ಎಂದು ಹೇಳಿಸಿದೆ, ನೆರೆಹೊರೆಗೆ ಅದನ್ನೂ ಹೇಳಲಿಲ್ಲ, ತಾವೊಬ್ಬರು ಇಲ್ಲಿರುವುದು ಯಾರಿಗೂ ಗೊತ್ತಾಗದಿರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ. ಅತ್ತೆಗೆ ಗೊತ್ತಾದರೆ ಈ ವಯಸ್ಸಿನಲ್ಲಿ ಸೊಸೆಗೆ ಎಂಥ ಶೋಕಿ ಎಂದಾರು ಎಂಬ ಹೆದರಿಕೆ, ಹೊಲಿಗೆಯ ನೋವಿಗಿಂತ ಹೆಚ್ಚಾಗಿತ್ತು.

ಈಗ ದೂರಿಗೆ ಬರುತ್ತೇನೆ. ತಾವು ಸಭೆಯ ಅಧ್ಯಕ್ಷರಂತೆ ಬಹಳ ಎತ್ತರದಲ್ಲಿ ಆಸೀನರಾಗಿದ್ದೀರಿ, ಸ್ವಲ್ಪ ಗದ್ದ ತಗ್ಗಿಸಿದರೆ ತಮ್ಮ ದರ್ಶನವಾಗುತ್ತದೆ. ಬಲಗಡೆಯವರು ಪಾಪ, ವಯಸ್ಸಿಗೆ ತಕ್ಕಂತೆ ಕೆಳಗಿಳಿದು ವಿಶ್ರಾಂತಿಯಲ್ಲಿದ್ದಾರೆ. ಕೆಲವು ವಾರಗಳಲ್ಲಿ ತಾವೂ ಇಳಿಯುತ್ತೀರೆಂದು ಡಾಕ್ಟರಮ್ಮ ಭರವಸೆ ಕೊಟ್ಟಿದ್ದಾರೆ. ದಯವಿಟ್ಟು ಜಲ್ದಿ ಇಳಿಯಿರಿ, ಆಗದಿದ್ದರೆ ಬಲಗಡೆಯವರನ್ನೂ ತಮ್ಮ ಮಟ್ಟಕ್ಕೆ ಬಡ್ತಿ ಕೊಟ್ಟು ಕರೆಸಿಕೊಳ್ಳಿ. ನನ್ನ ಕಡೆಯಿಂದ ಯಾವ ಆಕ್ಷೇಪವೂ ಇಲ್ಲ.

ಇದಕ್ಕಿಂತ ದೊಡ್ಡ ಸಂಕಟ ಬೇರೆ ಇದೆ. ಸೊಸೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಳೆ, ಕೈ ಮೇಲೆತ್ತುವ ಹಾಗಿಲ್ಲ, ರೊಟ್ಟಿ ಬಡಿಯುವ ಹಾಗಿಲ್ಲ ಎಂದು ಕೇಳಿದ್ದೇ ತಡ, ಅತ್ತೆ ಅಥಣಿಯಿಂದ ಗಂಟುಮೂಟೆ ಸಮೇತ ಇಳಿದರು. ಅವರ ವೈದ್ಯಶಾಸ್ತ್ರದಲ್ಲಿ ಮಲಗಿದ ಹೆಂಗಸಿಗೆ ಇರುವುದು ಒಂದೇ ಚಿಕಿತ್ಸೆ, ಬಾಣಂತನ. ನಾಗಪುರದ ಮೇ ತಿಂಗಳು, ಮಾನ್ಯರೇ, ಕಾಗೆಗಳೂ ನೆರಳು ಬಿಟ್ಟು ಕದಲದ ಬಿಸಿಲು. ಅಂಥದರಲ್ಲಿ ತಂಪುಗಾಳಿ ಸೋಂಕೀತೆಂದು ಕೂಲರ್ ಬಂದ್ ಮಾಡಿಸಿ, ನನ್ನ ಕಿವಿಗೆ ಅರಳೆ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದು, ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟು ಅದರ ಮೇಲೆ ಅಜವಾನ ಉದುರಿಸಿದರು. ಉಮರೇಡಿನ ಗಣಿಯ ಕಲ್ಲಿದ್ದಲೆಲ್ಲ ನನ್ನ ಬೆನ್ನ ಕೆಳಗೇ ಉರಿಯುತ್ತಿದೆಯೇನೋ ಅನ್ನಿಸಿತು. ಎಣ್ಣೆನೀರು ಎರೆಯಲು ಹೊರಟಿದ್ದನ್ನು ಡಾಕ್ಟರಮ್ಮನ ಆಣೆ ಹಾಕಿ ತಪ್ಪಿಸಿದೆ. ಬಾಣಂತಿಯರಿಗೆ ಕೊಡುವ ಅಂಟಿನುಂಡಿಯನ್ನು ತಪ್ಪಿಸಲಾಗಲಿಲ್ಲ, ತಪ್ಪಿಸುವ ಮನಸ್ಸೂ ನನಗಿರಲಿಲ್ಲ.

ಅಜವಾನದ ಹೊಗೆ ಕಿಟಕಿ ದಾಟಿ ಓಣಿಗೆ ಹೋಯಿತು. ಪಕ್ಕದ ಮನೆಯ ಸತ್ಯಭಾಮಾತಾಯಿ ಮರಾಠಿಯವರು, ಆ ವಾಸನೆಯ ಅರ್ಥ ಬಲ್ಲವರು; ಎಷ್ಟೋ ದಿನದಿಂದ ನಾನು ಹೊರಗೆ ಕಂಡಿರಲಿಲ್ಲ, ಈಗೀಗ ಅರವತ್ತಕ್ಕೂ ಹೆರುತ್ತಾರೆಂದು ಮೊಬೈಲಿನಲ್ಲಿ ನೋಡಿದ್ದರು. ಕೂಸಿಗೆಂದು ಹಳದಿ ಝಬಲಾ, ಕುಂಚಿಗಿ, ಜೊತೆಗೆ ತೆಂಗಿನಕಾಯಿ ಹಿಡಿದು ಒಳಗೆ ಬಂದವರೇ "ಅಭಿನಂದನ್! ಮುಲಗಾ ಕೀ ಮುಲಗೀ?" ಎಂದು ತೊಟ್ಟಿಲು ಹುಡುಕತೊಡಗಿದರು. ನನಗೆ ನಗು ಉಕ್ಕಿತು, ನಕ್ಕರೆ ಹೊಲಿಗೆ ಜಗ್ಗುತ್ತಿತ್ತು, ಅಯ್ಯಯ್ಯೋ, ಭುಜದ ಸುಳ್ಳನ್ನು ಮರಾಠಿಯಲ್ಲಿ ಹೊಂದಿಸುವಷ್ಟರಲ್ಲಿ ಅತ್ತೆಯೇ ಎದ್ದು ನಿಂತರು.

ಗಡಿನಾಡಿನವರಾದ್ದರಿಂದ ಅವರಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ: "ಗಂಡೂ ಅಲ್ಲ, ಹೆಣ್ಣೂ ಅಲ್ಲವಾ. ನನ್ನ ಸೊಸಿಗೆ ಎದಿ ಹೊಸಾದು ಕೂಡ್ಸ್ಯಾರ. ಹಳೇದು ಕೆಟ್ಟಿತ್ತು, ಬದಲಿ ಮಾಡ್ಸ್ಯಾಳ. ನನ್ನ ಮೊಣಕಾಲ ಹೊಸಾದು ಹಾಕ್ಸಿದಾಗ ಊರ ತುಂಬ ಪೇಢೆ ಹಂಚ್ಯಾರ, ಇದಕ್ಕ ಯಾಕ ಬಾಗಿಲಾ ಹಾಕ್ಕೊಂಡು ಕೂಡಬೇಕು? ಬಾ, ಉಡಿ ತುಂಬು."

"ಅತ್ತಿ, ನಿಮಗ ಗೊತ್ತಿತ್ತಾ?" ಎಂದೆ. "ದಿನಾ ನಿನಗ ಕುಬಸ ತೊಡಸಾಕಿ ನಾನ, ನನಗ ಕಣ್ಣಿಲ್ಲೇನ?" ಎಂದರು. ಆಗ ನನಗೆ ಏನಾಯಿತೋ, ನಗುತ್ತಿದ್ದವಳು ಅಳತೊಡಗಿ, "ನನಗ ಬೇಕಾಗಿತ್ತುರಿ, ಅತ್ತಿ" ಎಂದುಬಿಟ್ಟೆ. "ಬೇಕಾಗಿತ್ತು, ಮಾಡ್ಸಿದಿ. ಅದಕ್ಯಾಕ ಅಳತಿ, ಹುಚ್ಚಿ?" ಎನ್ನುತ್ತ, ಕೈ ಚಾಚಲಾರದ ನನ್ನ ಸೆರಗನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ನಿಂತರು. ಸತ್ಯಭಾಮಾತಾಯಿ ಅಕ್ಕಿ ಹಾಕಿದರು, ಕಾಯಿ ಹಾಕಿದರು, ಕುಬಸದ ಖಣ ತಂದಿರಲಿಲ್ಲವಾದ್ದರಿಂದ ಹಳದಿ ಝಬಲಾವನ್ನೇ ಮಡಚಿ ಹಾಕಿ, ಕುಂಕುಮವನ್ನು ನನ್ನ ಹಣೆಗಿಟ್ಟು, "ಛಾನ್ ದಿಸತೇಸ್" ಎಂದರು. ಚೆನ್ನಾಗಿ ಕಾಣುತ್ತೀ ಎಂದರ್ಥ, ಮಾನ್ಯರೇ. ಈ ವಯಸ್ಸಿನಲ್ಲಿ ಹಾಗೆ ಯಾರೂ ಹೇಳಿರಲಿಲ್ಲ.

ಆದಕಾರಣ, ತಾವು ಗುಟ್ಟಾಗಿರಬೇಕೆಂಬ ನನ್ನ ಹಿಂದಿನ ಕೋರಿಕೆಯನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಇನ್ನು ತಲೆಯೆತ್ತಿ ಬಾಳಿರಿ, ಆದರೆ ಇಷ್ಟೊಂದು ಎತ್ತರದಲ್ಲಿ ಬೇಡಿ.

ತಮ್ಮನ್ನು ಹೊತ್ತುಕೊಂಡೇ ತಿರುಗುವ
ತಮ್ಮ ವಿಶ್ವಾಸಿ,
ದಮಯಂತಿ

ತಾ.ಕ.: ಈ ಪತ್ರ ಓದಿ ಯಾರಾದರೂ ಮೂಗು ಮುರಿದರೆ ಚಿಂತೆ ಬೇಡ. ನಮ್ಮ ಡಾಕ್ಟರಮ್ಮ ಮೂಗಿನ ಆಪರೇಷನ್ನನ್ನೂ ಚಲೋ ಮಾಡುತ್ತಾರೆ. ಬಾಣಂತನಕ್ಕೆ ನಮ್ಮ ಅತ್ತೆಯನ್ನು ಕಳಿಸಿಕೊಡುತ್ತೇನೆ, ಮೇ ತಿಂಗಳಲ್ಲೇ.