ಟೈಮಿನ ಪಟ್ಟಾ

ಚಂದ್ರಾಮಪ್ಪನ ಮನೆಯಲ್ಲಿ ‘ಗಾಡಿ’ ಎಂಬ ಎರಡಕ್ಷರಕ್ಕೆ ಪ್ರವೇಶ ನಿಷಿದ್ಧವಾಗಿ ಒಂದು ವರ್ಷವಾಗಿತ್ತು. ಸೇಡಂ–ವಾಡಿ ನಡುವೆ ಬಾಡಿಗೆಗೆ ಓಡುವ ಅವನ ಸಣ್ಣ ವ್ಯಾನು ಮನೆಮಂದಿಯ ಹೊಟ್ಟೆ ಹೊರೆಯುತ್ತಿತ್ತು, ನಿಜ. ಆದರೆ ಕ್ಲಚ್ಚು, ಬ್ರೇಕು ಎಂದು ತಾನೂ ಪಾಲು ಬೇಡುತ್ತಿತ್ತು. ಬ್ಯಾಟರಿ ಸತ್ತ ದಿನ ಹೆಂಡತಿ ಮಾಳಮ್ಮ, “ಇನ್ನ ನನ್ನ ಮುಂದ ಗಾಡಿ ಹೆಸರ ತೆಗದ್ರ ಅದರಾಗೇ ಒಲಿ ಹೂಡ್ತೀನಿ ನೋಡ್ರಿ” ಎಂದು ರಾಜಶಾಸನ ಹೊರಡಿಸಿದಳು. (ರೊಕ್ಕದ ಡಬ್ಬಿ ಅವಳ ಕೈಯಲ್ಲಿದ್ದುದರಿಂದ ಶಾಸನಕ್ಕೆ ಬಲವಿತ್ತು.)

ಹೀಗಿರುವಾಗ ವರ್ಷದ ಪಾಸಿಂಗ್ ಬಂತು. ಇನ್ಸ್‌ಪೆಕ್ಟರ್ ಸಾಹೇಬರು ಚಿತ್ತಾಪುರದ ಮೈದಾನದಲ್ಲಿ ಬಾಡಿಗೆ ಗಾಡಿಗಳನ್ನೆಲ್ಲ ತಪಾಸಣೆ ಮಾಡುವವರಿದ್ದರು. ಅವರ ಸಹಿ ಬೀಳದಿದ್ದರೆ ವ್ಯಾನು ರಸ್ತೆಗಿಳಿಯುವಂತಿಲ್ಲ, ಮನೆಯ ಒಲೆ ಹೊತ್ತುವಂತಿಲ್ಲ.

ಮಿಸ್ತ್ರಿ ಬಾಬುಮಿಯಾ ಸೀಟು ಎತ್ತಿ ಎಂಜಿನ್ನಿನೊಳಗೆ ಇಣುಕಿ ತಲೆಯಲ್ಲಾಡಿಸಿದ.

“ಅಣ್ಣಾ, ಬಣ್ಣ ನಾ ಬಳದು ಕೊಡ್ತೀನಿ. ಆದ್ರ ಟೈಮಿಂಗ್ ಪಟ್ಟಾ ಖರಾಬ್ ಆಗ್ಯಾದ. ಒಳಗಿನ ಎಲ್ಲಾ ಸಾಮಾನಿಗೂ ಟೈಮ್ ಹೇಳೂದು ಅದೇ. ಓಡೂಮುಂದ ಹರೀತಂದ್ರ ಒಂದಕ್ಕೊಂದು ಬಡದು ಎಂಜಿನ್ ಖಲಾಸ್. ಸಾಮಾನ ತಂದು ಕೊಡ್ರಿ, ಹಾಕ್ತೀನಿ.”

ಊಟಕ್ಕೆ ಕುಳಿತಾಗ ಚಂದ್ರಾಮಪ್ಪ ತನ್ನ ಆಯುಷ್ಯದ ಸಮಸ್ತ ಚಾಣಾಕ್ಷತನವನ್ನೂ ಒಗ್ಗೂಡಿಸಿ, ಗಾಡಿ ಎಂಬ ಶಬ್ದವನ್ನು ನುಂಗಿ, ಉಳಿದದ್ದನ್ನು ಮುಂದಿದ್ದ ರೊಟ್ಟಿಗೆ ಹೇಳಿದ.

“ಟೈಮಿನ ಪಟ್ಟಾ ಭಾಳ ಹಳೇದಾಗ್ಯಾದ. ಪಾಸಿಂಗಿಗೆ ಹೋಗೂದ್ರಾಗ ಬದಲ್ ಮಾಡಸಬೇಕು.”

“ನಾನೂ ನೋಡಾಕತ್ತೀನಿ,” ಎಂದಳು ಮಾಳಮ್ಮ. “ಇವತ್ತ ಹರೀತದೋ ನಾಳಿ ಹರೀತದೋ ಅನ್ನಂಗ ಆಗ್ಯಾದ. ಬಿಡ್ರಿ, ನಾ ಹಾಕಸ್ತೀನಿ.”

ಇವಳು ಸೀಟು ಎತ್ತಿ ನೋಡಿದ್ದು ಯಾವಾಗ ಎಂದು ಅವನಿಗೆ ಸೋಜಿಗವಾಯಿತು. ಆದರೆ ಸಿಕ್ಕ ವರವನ್ನು ಕೆದಕುವಷ್ಟು ತ್ರಾಣ ಅವನಲ್ಲಿರಲಿಲ್ಲ.

ಮರುದಿನ ನಾಲವಾರದಲ್ಲಿ ಸೋದರಮಾವ ತೀರಿಕೊಂಡ ಸುದ್ದಿ ಬಂತು. ವ್ಯಾನನ್ನು ಬಾಬುಮಿಯಾನಲ್ಲಿ ಬಿಟ್ಟು, ಮಣ್ಣಿಗೆ ಹೋಗುವಾಗ ಶೋಕಿ ಬೇಡವೆಂದು ಕೈಗಡಿಯಾರವನ್ನು ಗೂಟಕ್ಕೆ ಹಾಕಿ ಹೋದ. ಮೂರನೆಯ ದಿನ ಬಂದರೆ ವ್ಯಾನು ಬಣ್ಣ ಬಳಿದುಕೊಂಡು ಬಾಗಿಲಲ್ಲಿ ನಿಂತಿತ್ತು. ಬಾಬುಮಿಯಾ ಮಗಳನ್ನು ನೋಡಲು ಶಹಾಬಾದಕ್ಕೆ ಹೋಗಿದ್ದ.

“ಪಟ್ಟಾ ಹಾಕಸಿದೇನು?”

“ಹಾಕಸೀನಿ. ಅಸಲಿ ಮಾಲು. ಹತ್ತು ವರ್ಷ ಅದಕ್ಕ ಏನೂ ಆಗಂಗಿಲ್ಲಂತ.”

ಒಳಗೆ ಗೂಟದಲ್ಲಿ ಕೈಗಡಿಯಾರ ತೂಗುತ್ತಿತ್ತು, ಅದಕ್ಕೂ ಹೊಚ್ಚ ಹೊಸ ತೊಗಲಿನ ಪಟ್ಟಾ. ಚಂದ್ರಾಮಪ್ಪ ಅದನ್ನು ಮೆಲ್ಲಗೆ ಕೈಗೆ ಕಟ್ಟಿಕೊಂಡ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಕೇಳದೆ ಮಾಳಮ್ಮ ಏನನ್ನಾದರೂ ತಂದದ್ದು ಇದೇ ಮೊದಲು. ಇಂಥವಳನ್ನು ಕಲ್ಲುಹೃದಯದವಳೆಂದು ಊರ ತುಂಬ ಆಡಿಕೊಂಡೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಚಿತ್ತಾಪುರದಲ್ಲಿ ಸಾಹೇಬರು ಮೀಟರು ನೋಡಿ ಹುಬ್ಬೇರಿಸಿದರು.

“ಎಂಬತ್ತು ಸಾವಿರ ಓಡ್ಯಾದ. ಟೈಮಿಂಗ್ ಬೆಲ್ಟ್ ಬದಲಿಸೀರಿಲ್ಲೋ? ಬದಲಿಸಿಲ್ಲಂದ್ರ ಈಗೇ ಹೇಳ್ರಿ. ರೇಸ್ ಕೊಡೂದು ಬ್ಯಾಡ, ಹಾಕಿಸಿಕೊಂಡು ಮುಂದಿನ ಕ್ಯಾಂಪಿಗೆ ಬರ್ರಿ.”

“ಹೊಸಾದು ರೀ ಸಾಹೇಬ್ರ,” ಎಂದ ಚಂದ್ರಾಮಪ್ಪ, ಮಣಿಕಟ್ಟು ಸವರುತ್ತ. “ಮನಿಯಾಕಿನೇ ಮುಂದ ನಿಂತು ಹಾಕಸ್ಯಾಳ.”

“ಹಂಗಾರ ಕೊಡ್ರಿ ರೇಸು.”

ಕೊಟ್ಟ. ಆಕ್ಸಿಲರೇಟರ್ ತುಳಿದದ್ದೇ ವ್ಯಾನು ಗುಡುಗಿತು, ಒಳಗೆಲ್ಲೋ ಪಟ್ಟೆಂದಿತು, ಕಟಕಟ ಹಲ್ಲು ಕಡಿದು ಸುಮ್ಮನಾಯಿತು. ಸಾಹೇಬರು ಪೆನ್ನಿನ ಟೋಪಿ ಹಾಕಿ ಮುಂದಿನ ಗಾಡಿಗೆ ನಡೆದರು.

ಪರಸಿ ಕಲ್ಲಿನ ಲಾರಿಗೆ ಹಗ್ಗ ಕಟ್ಟಿಕೊಂಡು ವ್ಯಾನು ಸೇಡಂ ಸೇರಿತು. ಊರಿಗೆ ಮರಳಿದ್ದ ಬಾಬುಮಿಯಾ ಮುಚ್ಚಳ ಬಿಚ್ಚಿ, ಹರಿದ ರಬ್ಬರಿನ ತುಂಡೊಂದನ್ನು ಎತ್ತಿ ತೋರಿಸಿದ.

“ಇದು ಹಳೇದೇ ಅಣ್ಣಾ. ನನಗ್ಯಾರೂ ಸಾಮಾನ ತಂದು ಕೊಟ್ಟೇ ಇಲ್ಲ. ಎಂಜಿನ್ ಪೂರಾ ಬಿಚ್ಚಬೇಕೀಗ.”

ಚಂದ್ರಾಮಪ್ಪ ಮನೆಗೆ ಹೋಗಿ, ವರ್ಷದ ನಂತರ, ಶಾಸನ ಮುರಿದ.

“ಗಾಡಿ ಪಟ್ಟಾ ಎಲ್ಲದ?”

“ಗಾಡಿಗೂ ಪಟ್ಟಾ ಇರ್ತದೇನು?” ಮಾಳಮ್ಮ ಜೋಳ ಕೇರುವುದನ್ನು ನಿಲ್ಲಿಸಲಿಲ್ಲ. “ನೀವು ಟೈಮಿನ ಪಟ್ಟಾ ಅಂದ್ರಿ. ಕೈಗೆ ಕಟಗೊಂಡೀರಲ್ಲ, ಅದೇ.”

ಅವನು ಮಣಿಕಟ್ಟನ್ನೇ ನೋಡುತ್ತ ನಿಂತ.

“ಅಂದ್ರ ಇದು… ನೀನಾಗಿ ತಂದದ್ದಲ್ಲ?”

“ನೀವು ಕೇಳದ ನಾ ಯಾಕ ತರ್ಲಿ?”

ಎಂಜಿನ್ನು ಹೋದದ್ದಕ್ಕಿಂತ ಹೆಚ್ಚು ನೋವಾಯಿತು ಅವನಿಗೆ. ಮಾಳಮ್ಮ ಮೊರವನ್ನು ಬದಿಗಿಟ್ಟು ಕೈ ಚಾಚಿದಳು.

“ಬಿಚ್ಚಿ ಕೊಡ್ರಿ, ಅಂಗಡಿಗೆ ವಾಪಸ್ ಮಾಡ್ತೀನಿ. ಗಾಡಿ ನಿಂತಮ್ಯಾಲ ನಿಮಗ ಟೈಮ್ ತಗೊಂಡು ಏನ್ ಮಾಡೂದದ?”

ಚಂದ್ರಾಮಪ್ಪ ಬಿಚ್ಚಿ ಕೊಟ್ಟ.