ಒಂಟಿ ಕುರ್ಚಿಯ ಸಾಕ್ಷ್ಯ

ಆ ಗುರುವಾರ ಬೆಳಿಗ್ಗೆ ನಾನೊಂದು ಮಹಾಸಂಕಲ್ಪ ಮಾಡಿದೆ. ನನ್ನ ಹೆಂಡತಿ ಆರ್ಡಿಸ್ ಹೊಲಿಗೆ ಕೂಟದಿಂದ ಮರಳುವಷ್ಟರಲ್ಲಿ ನಮ್ಮ ಮೋಟಾರುಮನೆಯ ಕೊಳಚೆ ಟ್ಯಾಂಕು ಖಾಲಿಯಾಗಿರಬೇಕು, ನೀರಿನ ಟ್ಯಾಂಕು ತುಂಬಿರಬೇಕು, ಗಾಡಿ ಯಥಾಸ್ಥಾನದಲ್ಲಿ ನಿಂತಿರಬೇಕು, ಬಿಸಿ ಕಾಫಿಯ ಲೋಟ ಹಿಡಿದು ನಾನು ಬಾಗಿಲಲ್ಲಿ ಕಾಣಿಸಿಕೊಳ್ಳಬೇಕು. ಇದಕ್ಕಿಂತ ಕಡಿಮೆ ಸಿದ್ಧತೆಯಿಂದ ಚಕ್ರವರ್ತಿಗಳು ದಂಡಯಾತ್ರೆಗೆ ಹೊರಟದ್ದುಂಟು!

ಈ ಶೌರ್ಯಕ್ಕೆ ಕಾರಣವಿತ್ತು. ನಾರ್ತ್ ಡಕೋಟಾದ ಮನೆಯನ್ನು ಮಾರಿ, ಚಕ್ರಗಳ ಮೇಲೆ ಸಂಸಾರ ಹೂಡಿದ ಮೇಲೆ ಇದು ನಮ್ಮ ಮೊದಲ ಚಳಿಗಾಲ. ಊರಿನಲ್ಲಿ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವಂಥ ಚಳಿಯಿರುವಾಗ ಅರಿಜೋನಾದ ಮರುಭೂಮಿಯಲ್ಲಿ ಅಂಗಿಯ ತೋಳು ಮಡಚಿ ಕೂರುವುದು ನನಗೆ ಸ್ವರ್ಗಸಮಾನವೆನಿಸಿತ್ತು. ಆರ್ಡಿಸ್‌ಗೆ ಹಾಗೆನಿಸಿರಲಿಲ್ಲ. ಅವಳ ತಂಗಿ ಮೇವಿಸ್ ಫಾರ್ಗೋದಲ್ಲಿ ತನ್ನ ಮನೆಯ ಕೆಳ ಅಂತಸ್ತನ್ನು ನಮಗಾಗಿ ಖಾಲಿ ಇಟ್ಟುಕೊಂಡು, ಭಾನುವಾರದೊಳಗೆ ಉತ್ತರ ಬಾರದಿದ್ದರೆ ಬೇರೆಯವರಿಗೆ ಬಾಡಿಗೆಗೆ ಕೊಡುವೆನೆಂದು ತಿಳಿಸಿದ್ದಳು. ಹಿಂದಿನ ಸಂಜೆ ಈ ವಿಷಯದಲ್ಲಿ ಮಾತಿಗೆ ಮಾತು ಬೆಳೆದಿತ್ತು. ಸ್ನಾನದ ನೀರನ್ನು ಅಳೆದು ಬಳಸುವುದನ್ನೂ, ಶೌಚಾಲಯ ತುಂಬಿತೆಂದು ಕೆಂಪು ದೀಪ ಕಣ್ಣು ಮಿಟುಕಿಸುವುದನ್ನೂ ಅವಳು ಕ್ಷಮಿಸಿದ್ದಳು. ಅವಳ ಕೊರಗೇ ಬೇರೆ.

"ಇಲ್ಲಿ ನಮ್ಮೋರು ಅಂತ ಯಾರಿದಾರೆ, ಹಾಲ್ವರ್? ನಾಳೆ ನನಗೇನಾದ್ರೂ ಆದ್ರೆ ಯಾರು ಬರ್ತಾರೆ? ಆ ಕಳ್ಳಿಗಿಡ ಬರುತ್ತಾ?"

ಕಳ್ಳಿಗಿಡದ ಪರವಾಗಿ ವಾದಿಸಲಾಗದೆ ನಾನು ಏರುದನಿಯಲ್ಲಿ, ಅಷ್ಟು ಇಷ್ಟವಿದ್ದರೆ ನೀನೇ ಹೋಗು, ನಾನು ನನ್ನ ಗಾಡಿಯಲ್ಲಿ ನನ್ನ ದಾರಿ ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ. ಮೋಟಾರುಮನೆಯ ಗೋಡೆಗಳು ಹಪ್ಪಳದಷ್ಟು ದಪ್ಪ. ಸುತ್ತಮುತ್ತ ಬೀಡುಬಿಟ್ಟವರೆಲ್ಲ ಆ ಮಾತನ್ನು ನನ್ನಷ್ಟೇ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದರೆಂದು ನನಗೆ ಆಗ ತಿಳಿದಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಪಶ್ಚಾತ್ತಾಪ ಹುಟ್ಟಿ ಮೇಲಿನ ಸಂಕಲ್ಪ ಉದಯಿಸಿತು. ನಾವು ಬೀಡುಬಿಟ್ಟಿದ್ದ ಒಣಹಳ್ಳದ ಬದಿಯ ಬಯಲಿನಲ್ಲಿ ಕೊಳಾಯಿಯಿಲ್ಲ, ಚರಂಡಿಯಿಲ್ಲ. ಟ್ಯಾಂಕು ತುಂಬಿದರೆ ಇಡೀ ಮನೆಯನ್ನೇ ಓಡಿಸಿಕೊಂಡು ಬಯಲಿನಾಚೆಯ ಕೊಳಚೆಗುಂಡಿಗೆ ಹೋಗಬೇಕು. ಹೋಗುವಾಗ 'ಈ ಜಾಗ ನಮ್ಮದು, ಮರಳಿ ಬರುತ್ತೇವೆ' ಎಂಬುದಕ್ಕೆ ಗುರುತಾಗಿ ಅಂಗಳದ ಚಾಪೆ ಮತ್ತು ಕುರ್ಚಿಗಳನ್ನು ಅಲ್ಲೇ ಬಿಟ್ಟುಹೋಗುವುದು ಇಲ್ಲಿನವರೆಲ್ಲ ಗೌರವಿಸುವ ಪದ್ಧತಿ. ಜಗಳವಾಡಿಕೊಂಡ ದಂಪತಿಗಳಿಗೂ ಇದೇ ಪದ್ಧತಿ, ಎರಡು ಕುರ್ಚಿ.

ನಾನು ಒಂದನ್ನು ಬಿಟ್ಟೆ. ನನ್ನ ಕುರ್ಚಿ ಹೊಸದು, ತಲೆದಿಂಬಿನದು. ಅದನ್ನು ಗಾಳಿಗೆ ಒಪ್ಪಿಸಲು ಮನಸ್ಸು ಬರಲಿಲ್ಲ. ಆರ್ಡಿಸ್ ಬೇಗ ಬಂದುಬಿಟ್ಟರೆ ಬೆಳಗಿನ ಚಳಿ ತಾಗೀತೆಂದು ಅವಳ ಕುರ್ಚಿಯ ಮೇಲೆ ಅವಳ ಕೋಟನ್ನು ಮಡಚಿಟ್ಟೆ, ಪಕ್ಕದಲ್ಲಿ ಹೆಣಿಗೆಯ ಚೀಲವಿಟ್ಟೆ, ಕಾಫಿಯ ಲೋಟವನ್ನೂ ಇಟ್ಟೆ. ಆ ದೃಶ್ಯವನ್ನು ಕಂಡು ನನ್ನ ಕಣ್ಣೇ ತುಂಬಿಬಂತು. ಇಷ್ಟು ಮುನ್ನೋಟವುಳ್ಳ ಗಂಡ ಎಷ್ಟು ಜನಕ್ಕೆ ಸಿಕ್ಕಾನು!

ಕೊಳಚೆಗುಂಡಿಯ ಮುಂದೆ ಹನುಮಂತನ ಬಾಲದಂತೆ ಸಾಲು. ಕಾಯುತ್ತಿರುವಾಗ ಫೋನು ಬಡಿದುಕೊಂಡಿತು, ಅಪರಿಚಿತ ಸಂಖ್ಯೆ. ಗೊತ್ತಿಲ್ಲದವರ ಕರೆಗೆ ಉತ್ತರಿಸುವುದಿಲ್ಲವೆಂಬುದು ನನ್ನ ನಿಯಮ. ಕಡಿದುಹಾಕಿದೆ. ಮತ್ತೆ ಬಡಿಯಿತು, ಮತ್ತೆ ಕಡಿದೆ. ಮೋಸಗಾರರ ಹಟವನ್ನು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತ ಕಡಿಯುತ್ತಲೇ ಹೋದೆ.

ಆಗ ಹಿಂದಿನ ಗಾಡಿಯ ಮರ್ಲಿನ್ ಎಂಬ ವೃದ್ಧರು ತಮ್ಮ ಗಿಡ್ಡಗಾಲಿನ ನಾಯಿಯನ್ನು ಕಂಕುಳಲ್ಲಿರಿಸಿಕೊಂಡು ನನ್ನ ಕಿಟಕಿಯ ಬಳಿ ಬಂದರು.

"ವಿಷಯ ಗೊತ್ತಾಯ್ತಾ? ಆ ಒಣಹಳ್ಳದ ಹತ್ರ ಒಬ್ಬ, ಹೆಂಡ್ತೀನ ಬಿಟ್ಟು ಗಾಡಿ ತಗೊಂಡು ಓಡಿಹೋಗಿದಾನಂತೆ."

ಜನರ ನೆನಪುಗಳನ್ನು ಧ್ವನಿಮುದ್ರಿಸಿ ಸಂಗ್ರಹಿಸುವುದೇ ವಿಶ್ವವಿದ್ಯಾಲಯದಲ್ಲಿ ನನ್ನ ಜೀವಮಾನದ ವೃತ್ತಿಯಾಗಿತ್ತು. ಕೇಳಿದ್ದನ್ನು ಒಡನೆಯೇ ನಂಬುವ ಅಭ್ಯಾಸ ನನಗಿಲ್ಲ. ಆದ್ದರಿಂದ ಶಾಸ್ತ್ರೋಕ್ತವಾಗಿ, ತಾವು ಅದನ್ನು ಕಣ್ಣಾರೆ ಕಂಡಿರೋ ಅಥವಾ ಬೇರೆಯವರ ಬಾಯಿಂದ ಕೇಳಿದಿರೋ ಎಂದು ವಿಚಾರಿಸಿದೆ.

"ಅವನನ್ನ ಕಂಡಿಲ್ಲ. ಕುರ್ಚಿ ಕಂಡೆ," ಎಂದರು ಮರ್ಲಿನ್. "ಒಂದೇ ಕುರ್ಚಿ. ಮೇಲೆ ಅವಳ ಕೋಟು, ನೀಟಾಗಿ ಮಡಚಿಟ್ಟಿದಾನೆ. ಓಡಿಹೋಗೋ ಹೊತ್ತಲ್ಲಿ ಕೋಟು ಮಡಚೋಕೆ ಪುರುಸೊತ್ತು ಇತ್ತು ಅಂದ್ರೆ, ಎಂಥಾ ಕಲ್ಲುಮನಸ್ಸು ಇರ್ಬೇಕು ನೋಡಿ."

ನನ್ನ ಮೈ ಉರಿದುಹೋಯಿತು. ಆ ಬೆಳಿಗ್ಗೆ ನಾನೂ ಕೋಟು ಮಡಚಿಟ್ಟು ಬಂದವನೇ. ಆದರೆ ಪ್ರೀತಿಯಿಂದ ಮಡಚಿದ ಕೋಟಿಗೂ ಕ್ರೌರ್ಯದಿಂದ ಮಡಚಿದ ಕೋಟಿಗೂ ಅಜಗಜಾಂತರವಲ್ಲವೇ! ಅಂಥವನನ್ನು ಕಳ್ಳಿಗಿಡಕ್ಕೆ ಕಟ್ಟಿಹಾಕಬೇಕೆಂದು ನಾನು ಅಭಿಪ್ರಾಯಪಟ್ಟೆ. ಮರ್ಲಿನ್ ನನ್ನ ಕೈ ಕುಲುಕಿದರು.

ಟ್ಯಾಂಕು ಖಾಲಿಮಾಡಿ ನೀರಿನ ನಲ್ಲಿಗೆ ಬಂದಾಗ ಅಲ್ಲಿದ್ದ ಹೆಂಗಸೊಬ್ಬಳ ಬಳಿ ಇದೇ ವೃತ್ತಾಂತದ ಇನ್ನೊಂದು ಪಾಠಾಂತರ ದೊರೆಯಿತು. ಅದರಲ್ಲಿ ಓಡಿಹೋದವನ ಜೊತೆ ಪಕ್ಕದ ಸಾಲಿನ ವಿಧವೆಯೊಬ್ಬಳೂ ಇದ್ದಳು; ವಿಧವೆಯ ಜೊತೆ ಮಾತಾಡುವ ಗಿಣಿಯೊಂದೂ ಇತ್ತು. ಗಿಣಿಯ ಬಣ್ಣವನ್ನು ನಾನು ಕೇಳಿ ತಿಳಿದುಕೊಂಡೆ. ಖಳನಾಯಕನ ಊರು ಯಾವುದೆಂದಾಗ ಆಕೆ ನಾರ್ತ್ ಡಕೋಟಾ ಎಂದಳು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಮ್ಮ ರಾಜ್ಯಕ್ಕೇ ಕಳಂಕ! ಇನ್ನೆಲ್ಲಿಯೂ ನನ್ನ ಊರಿನ ಹೆಸರೆತ್ತಬಾರದೆಂದು ನಿಶ್ಚಯಿಸಿ, ಆ ಅಭಾಗಿನಿಗೆ ಆರ್ಡಿಸ್ ಮತ್ತು ನಾನು ಏನಾದರೂ ಸಹಾಯ ಮಾಡಬೇಕೆಂದುಕೊಂಡು ಮನೆಯನ್ನು ತಿರುಗಿಸಿದೆ.

ಮರಳಿ ಬಂದು ನೋಡಿದರೆ ನಮ್ಮ ಜಾಗ ಕಾಣೆಯಾಗಿತ್ತು.

ಮರುಭೂಮಿಯಲ್ಲಿ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ವ್ಯತ್ಯಾಸವಿರುವುದು ಅಲ್ಲಿ ಹಾಸಿದ ಚಾಪೆಯಲ್ಲಿ ಮಾತ್ರ. ಹಸಿರು ಚಾಪೆಯಿಲ್ಲ, ಕುರ್ಚಿಯಿಲ್ಲ, ಕೋಟಿಲ್ಲ, ಲೋಟವೂ ಇಲ್ಲ. ದಾರಿ ತಪ್ಪಿರಬೇಕೆಂದು ಹಿಂದಕ್ಕೆ ಹೋದೆ. ಬೇರೆ ದಾರಿಯಿಂದ ಬಂದೆ. ಎಲ್ಲಿ ನೋಡಿದರೂ ಅದೇ ಮರಳು, ಅದೇ ಪೊದೆ, ಅದೇ ಬಿಳಿಯ ಗಾಡಿಗಳು. ಜನರು ಎರಡೂ ಕೈ ಬೀಸುತ್ತಿದ್ದರು. ಇಷ್ಟು ಸ್ನೇಹಪರರ ನಡುವೆ ಇದ್ದೂ ಆರ್ಡಿಸ್ 'ನಮ್ಮವರಿಲ್ಲ' ಎನ್ನುವಳಲ್ಲ ಎಂದು ಕೊರಗುತ್ತ ನಾನೂ ಕೈ ಬೀಸಿದೆ. ಒಬ್ಬ ಗಾಡಿಯ ಹಿಂದೆ ಓಡಿಬಂದ. ವ್ಯಾಯಾಮ ಮಾಡುತ್ತಿದ್ದಾನೆಂದುಕೊಂಡೆ.

ಕೊನೆಗೆ ಆರ್ಡಿಸ್‌ಗೆ ಫೋನು ಮಾಡಿದೆ. ನನ್ನ ಬೆನ್ನ ಹಿಂದೆಯೇ, ಮಲಗುವ ಕೋಣೆಯಿಂದ, ಅವಳ ಫೋನು ಇಂಪಾಗಿ ಹಾಡಿತು. ಅವಳು ಅದನ್ನು ಚಾರ್ಜಿಗಿಟ್ಟು ಹೋಗಿದ್ದಳು. ನಾನು ಮನೆಯೊಂದಿಗೆ ಅದನ್ನೂ ಓಡಿಸಿಕೊಂಡು ಹೋಗಿದ್ದೆ.

ಆಗ ಮಾತ್ರ ನನಗೆ ಎಲ್ಲವೂ ಹೊಳೆಯಿತು. ನೀನೇ ಹೋಗು ಎಂದಿದ್ದೆ, ಹೋಗಿಯೇಬಿಟ್ಟಳು! ಚಾಪೆಯನ್ನೂ ಸುತ್ತಿಕೊಂಡು, ಕುರ್ಚಿಯನ್ನೂ ಹೊತ್ತುಕೊಂಡು, ಒಂದು ಮಾತೂ ಹೇಳದೆ ಮೇವಿಸಳ ಕೆಳ ಅಂತಸ್ತಿಗೆ! ಆ ಅಂತಸ್ತಿನಲ್ಲಿ ಅವಳು, ಈ ಮರಳಿನಲ್ಲಿ ನಾನು, ನಡುವೆ ಅರ್ಧ ಖಂಡ. ತುಂಬಿದ ನೀರಿನ ಟ್ಯಾಂಕು ನನ್ನ ಕಾಲಡಿಯಲ್ಲಿ ಕುಲುಕಾಡಿ ಅಣಕಿಸಿತು. ಅಷ್ಟು ನೀರನ್ನು ಇನ್ನು ಯಾರಿಗಾಗಿ ಅಳೆದು ಬಳಸಲಿ?

ಹೀಗೆ ಶೋಕಿಸುತ್ತ ಇನ್ನೊಂದು ಸುತ್ತು ಹೊಡೆಯುವಾಗ ಮರ್ಲಿನ್ ನಾಯಿಯ ಸಮೇತ ಗಾಡಿಗೆ ಅಡ್ಡ ನಿಂತರು.

"ಆ ಒಣಹಳ್ಳದ ಹತ್ರ ನಿಂತಿದ್ದ ಗಾಡಿ ಇದೇನಾ?"

ಹೌದೆಂದೆ.

"ಒಳಗೆ ವಿಧವೆ ಇದಾಳಾ?"

"ಇಲ್ಲ."

"ಗಿಣಿ?"

"ಇಲ್ಲ."

ಅವರ ಮುಖದಲ್ಲಿ ನಿರಾಸೆ ಮೂಡಿತು. ನನ್ನ ಬುದ್ಧಿಯಲ್ಲಿ ಬೆಳಕು ಮೂಡಿತು. ಒಂದೇ ಕುರ್ಚಿ, ಮಡಚಿದ ಕೋಟು, ಒಣಹಳ್ಳ, ನಾರ್ತ್ ಡಕೋಟಾ! ಬೆಳಗಿನಿಂದ ನಾನು ಸಾಕ್ಷ್ಯ ಸಂಗ್ರಹಿಸುತ್ತಿದ್ದದ್ದು ನನ್ನದೇ ಚರಿತ್ರೆಗೆ. ಕಳ್ಳಿಗಿಡಕ್ಕೆ ಕಟ್ಟಲು ತೀರ್ಪಿತ್ತದ್ದೂ ನನ್ನನ್ನೇ.

ಮರ್ಲಿನ್ ನನ್ನನ್ನು ನೆರೆಯ ವೆಲ್ಡಾಳ ಡೇರೆಯ ನೆರಳಿಗೆ, ಕೈದಿಯನ್ನು ಒಯ್ಯುವಂತೆ, ಕರೆದೊಯ್ದರು. ಆಲ್ಬರ್ಟಾದಿಂದ ಬಂದ ಈ ವೆಲ್ಡಾಳನ್ನು ಬೆಳಗಿನ ತನಕ ನಾವು ಮುಗುಳ್ನಗೆಯಿಂದಷ್ಟೇ ಬಲ್ಲವರಾಗಿದ್ದೆವು. ಅಲ್ಲಿ ಅರ್ಧ ಬಯಲೇ ನೆರೆದಿತ್ತು. ನಡುವೆ ನಮ್ಮ ಹಸಿರು ಚಾಪೆ. ಬರಿದಾದ ಜಾಗದಲ್ಲಿ ಅದನ್ನು ನೋಡಿದರೆ ಆರ್ಡಿಸ್‌ಗೆ ದುಃಖ ಉಮ್ಮಳಿಸೀತೆಂದು ವೆಲ್ಡಾ ಎತ್ತಿಸಿ ತಂದಿದ್ದಳಂತೆ. ಚಾಪೆಯ ಮೇಲೆ ಕುರ್ಚಿ. ಕುರ್ಚಿಯಲ್ಲಿ ಆರ್ಡಿಸ್, ಮಡಿಲಲ್ಲಿ ತಟ್ಟೆ. ಸುತ್ತ ಆಲೂಗಡ್ಡೆ, ಮಾಂಸ, ಚೀಸ್ ಹಾಕಿ ಬೇಯಿಸಿದ ಪಾತ್ರೆಗಳು ಹಬೆಯಾಡುತ್ತಿದ್ದವು. ಒಬ್ಬಾಕೆ ತನ್ನ ಗಾಡಿಯಲ್ಲಿ ಹಾಸಿಗೆ ಸಿದ್ಧಪಡಿಸಿದ್ದಳು. ಇನ್ನೊಬ್ಬಾಕೆ ಹೊದಿಕೆ ತಂದಿದ್ದಳು. ಒಬ್ಬ ನಿವೃತ್ತ ವಕೀಲ ವಿಚ್ಛೇದನದ ಮೊದಲ ಸಲಹೆಯನ್ನು ಉಚಿತವಾಗಿ ನೀಡಿ ಮುಗಿಸಿದ್ದ.

"ಎಲ್ಲಿಗೆ ಹೋಗಿದ್ದೆ?" ಎಂದಳು ಆರ್ಡಿಸ್.

"ಟ್ಯಾಂಕು ಖಾಲಿ ಮಾಡೋಕೆ."

"ಎಲ್ರೂ ಹಾಗೇ ಹೇಳೋದು," ಎಂದಳು ವೆಲ್ಡಾ.

ನಾನು ಕ್ರಮವಾಗಿ ವಿವರಿಸಲು ತೊಡಗಿದೆ. ಕೋಟಿನ ಭಾಗ ಬಂದಾಗ ಸಭೆ ಗೊಣಗಿತು. ತಲೆದಿಂಬಿನ ಕುರ್ಚಿಯನ್ನು ಮಾತ್ರ ಒಳಗೆ ಇಟ್ಟುಕೊಂಡೆನೆಂದಾಗ ವಕೀಲ ಆರ್ಡಿಸಳ ಕಿವಿಯಲ್ಲಿ ಏನೋ ಉಸುರಿದ. ಸಂಶಯವಿದ್ದವರು ಬಂದು ನನ್ನ ಕೊಳಚೆ ಟ್ಯಾಂಕಿನ ದೀಪವನ್ನು ಪರೀಕ್ಷಿಸಬಹುದೆಂದು ಆಹ್ವಾನಿಸಿದೆ. ಮೂವರು ನಿಜವಾಗಿಯೂ ಹೋಗಿ ನೋಡಿ ಬಂದರು. ಹಸಿರು ದೀಪವಿದೆಯೆಂದು ಅವರು ವರದಿ ಮಾಡಿದ ಮೇಲೆ ನನಗೆ ಷರತ್ತಿನ ಮೇಲೆ ಬಿಡುಗಡೆಯಾಯಿತು.

"ನಾನು ಮೊದಲಿಂದ ಹೇಳ್ತಾನೇ ಇದ್ದೆ," ಎಂದಳು ಆರ್ಡಿಸ್. "ಇವನು ಬಿಟ್ಟುಹೋಗೋನಲ್ಲ, ಎಲ್ಲೋ ದಾರಿ ತಪ್ಪಿರ್ತಾನೆ ಅಂತ. ವೆಲ್ಡಾ ಫೋನಿಂದ ಎಷ್ಟು ಸಲ ಮಾಡ್ದೆ, ಕಟ್ ಮಾಡ್ತಾನೇ ಇದ್ದೆ ನೀನು. ಅಷ್ಟೊತ್ತಿಗೆ ಇವರೆಲ್ಲ ಊಟ ತಂದಿದ್ರು. ನಮ್ಮೋರು ಪ್ರೀತಿಯಿಂದ ತಂದಿದ್ದನ್ನ ಬೇಡ ಅನ್ನೋಕಾಗುತ್ತಾ?"

'ನಮ್ಮೋರು' ಎಂಬ ಮಾತು ಕಿವಿಗೆ ಬಿದ್ದರೂ ಅದರ ಅರ್ಥವನ್ನು ಬಿಡಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳು ಫೋರ್ಕನ್ನು ತಟ್ಟೆಯಲ್ಲಿಟ್ಟು ಬಾಯಿ ಒರೆಸಿಕೊಂಡಳು.

"ಮೇವಿಸ್‌ಗೂ ಫೋನ್ ಮಾಡ್ದೆ."

ಭಾನುವಾರ ಇನ್ನೂ ಬಂದಿರಲಿಲ್ಲ, ತೀರ್ಪು ಬಂದಾಗಿತ್ತು.

"ಮನೆ ಬಾಡಿಗೆಗೆ ಕೊಟ್ಬಿಡು ಅಂದೆ. ನಂಗೆ ಇಲ್ಲೇ ಚೆನ್ನಾಗಿದೆ ಅಂದೆ."

ಅಂಥ ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಸಭೆಯ ಮುಂದೆಯೇ ಅವಳ ಕೈ ಹಿಡಿದು, ಹಾಗಾದರೆ ಮುಂದಿನ ಚಳಿಗಾಲಕ್ಕೂ ನಾವಿಬ್ಬರೂ ಇಲ್ಲಿಗೇ ಬರುವುದಾಯಿತಲ್ಲ ಎಂದು ಗದ್ಗದಿತನಾದೆ.

ಆರ್ಡಿಸ್ ಮೆಲ್ಲಗೆ ಕೈ ಬಿಡಿಸಿಕೊಂಡು ಇನ್ನೊಂದು ಸೌಟು ಬಡಿಸಿಕೊಂಡಳು.

"ನಾನಂತೂ ಬರ್ತೀನಿ, ಹಾಲ್ವರ್. ನಿನ್ನನ್ನ ಕರ್ಕೊಂಡು ಬರ್ಬೇಕಾ ಬೇಡ್ವಾ ಅಂತ ಇನ್ನೂ ಯೋಚಿಸ್ತಾ ಇದೀನಿ."

ಅವಸರವೇನಿಲ್ಲ, ನಿಧಾನವಾಗಿಯೇ ಯೋಚಿಸು ಎಂದು ಸುತ್ತ ಕುಳಿತವರೆಲ್ಲ ಅವಳಿಗೆ ಧೈರ್ಯ ಹೇಳಿದರು.